ಸುಣ್ಣದ ವಾಸನೆಯ ಅಂಗಡಿಯಲ್ಲಿ ಏನು ತಿನ್ನೋದು?

ಪ್ರಶ್ನೆ: ನಾವು ಶಿಕಾಗೋ ಪಕ್ಕದ ಅರೋರಾಗೆ ಬಂದು ಎಂಟು ತಿಂಗಳಾಯಿತು. ಮನೆಯಿಂದ ಎರಡು ಬೀದಿ ಆಚೆ ಒಂದು ಮೆಕ್ಸಿಕನ್ ತೋರ್ತಿಯಾ ಅಂಗಡಿ ಇದೆ. ಮುಂದೆ ತೋರ್ತಿಯಾ, ಅಂದರೆ ಅವರ ಗೋವಿನಜೋಳದ ರೊಟ್ಟಿ, ಮಾರುತ್ತಾರೆ, ಒಳಗೆ ಏಳೆಂಟು ಮೇಜು ಹಾಕಿ ಊಟವನ್ನೂ ಕೊಡುತ್ತಾರೆ. ಬೆಳಿಗ್ಗೆ ಆ ಕಡೆ ವಾಕ್ ಹೋದರೆ ಹೊಸದಾಗಿ ಸುಣ್ಣ ಬಳಿದ ಗೋಡೆಯ ವಾಸನೆ ಬರುತ್ತದೆ. ಅದು ಯಾಕೆ? ನಾವು ಸಸ್ಯಾಹಾರಿಗಳು, ಮೊಟ್ಟೆಯನ್ನೂ ತಿನ್ನುವುದಿಲ್ಲ. ಒಂದು ಸಲ ಹೋಗಿ ಬೀನ್ಸು, ಅನ್ನ, ತೋರ್ತಿಯಾ ತಿಂದು ಬಂದೆವು. ಆಮೇಲೆ ಗೆಳತಿಯೊಬ್ಬಳು "ಆ ಬೀನ್ಸಿನಲ್ಲಿ ಹಂದಿ ಕೊಬ್ಬು ಇರುತ್ತೆ" ಅಂದಳು. ನಿಜವಾ? ಈಗ ಹಾವೇರಿಯಿಂದ ಅತ್ತೆ ಬಂದಿದ್ದಾರೆ. ಅವರಿಗೆ ದಿನಾ ರೊಟ್ಟಿ ಬೇಕು, ಆದರೆ "ಗೋವಿನಜೋಳ ಕೋಳಿಗೆ ಹಾಕೋದು" ಅನ್ನುತ್ತಾರೆ. ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗಬಹುದಾ? ಏನು ಆರ್ಡರ್ ಮಾಡಬೇಕು? ಮನೆಗೆ ತಂದ ತೋರ್ತಿಯಾ ಮಾರನೇ ದಿನ ಮುರಿದು ಹೋಗುತ್ತಲ್ಲ, ಅದಕ್ಕೇನು ಮಾಡೋದು?

ಉತ್ತರ: ಮೊದಲು ಕೆಟ್ಟ ಸುದ್ದಿ ಹೇಳಿಬಿಡುತ್ತೇನೆ. ನಿಮ್ಮ ಗೆಳತಿ ಹೇಳಿದ್ದು ಬಹುಮಟ್ಟಿಗೆ ನಿಜ. ಬೀನ್ಸಿನಲ್ಲಿ ಹಂದಿ ಕೊಬ್ಬು ಇದ್ದಿರಬಹುದು, ಆ ಕೆಂಪು ಅನ್ನ ಕೋಳಿ ಬೇಯಿಸಿದ ನೀರಿನಲ್ಲಿ ಬೆಂದಿದ್ದಿರಬಹುದು. ಇಲ್ಲದೆಯೂ ಇರಬಹುದು, ಅಂಗಡಿಯಿಂದ ಅಂಗಡಿಗೆ ಬೇರೆ. ಕೇಳದೆ ಗೊತ್ತಾಗುವುದಿಲ್ಲ. ನೀವು ತಿಂದದ್ದರಲ್ಲಿ ಚಿಂತೆಯೇ ಇಲ್ಲದ ಪದಾರ್ಥ ಅಂದರೆ ಆ ತೋರ್ತಿಯಾ. ಮೆಕ್ಕೆಜೋಳ, ನೀರು, ಸುಣ್ಣ, ಅಷ್ಟೇ ಅದರಲ್ಲಿ. ಉಪ್ಪು ಕೂಡ ಇರುವುದಿಲ್ಲ. ಹಾಗಾಗಿ ಅತ್ತೆಯವರನ್ನು ಧಾರಾಳವಾಗಿ ಕರೆದುಕೊಂಡು ಹೋಗಿ. ಆದರೆ ಅದನ್ನು ಹೋಟೆಲ್ ಅಂದುಕೊಂಡು ಹೋಗಬೇಡಿ, ರೊಟ್ಟಿ ಅಂಗಡಿ ಅಂದುಕೊಂಡು ಹೋಗಿ. ನಮ್ಮ ಕಡೆ ಹೆಂಗಸರು ಮನೆ ಮುಂದೆ ರೊಟ್ಟಿ ಬಡಿದು ಮಾರುತ್ತಾರಲ್ಲ, ಜೊತೆಗೆ ಎರಡು ಪಲ್ಯ, ಒಂದು ಚಟ್ನಿಪುಡಿ ಇಟ್ಟುಕೊಂಡು ನಾಲ್ಕು ಜನರಿಗೆ ಊಟ ಹಾಕುತ್ತಾರಲ್ಲ, ಹಾಗೆ. ಅಲ್ಲಿ ಊಟದ ಯಜಮಾನ ರೊಟ್ಟಿ. ಪಲ್ಯ ಅದರ ಹಿಂದೆ ಬರುತ್ತದೆ. ಮೆನು ನೋಡುವಾಗಲೂ ಒಳಗೆ ಏನು ತುಂಬಿದ್ದಾರೆ ಅಂತ ಮೊದಲು ನೋಡಬೇಡಿ, ಜೋಳದ ಹಿಟ್ಟನ್ನು ಏನು ಮಾಡಿದ್ದಾರೆ ಅಂತ ನೋಡಿ.

ಈಗ ಸುಣ್ಣದ ವಾಸನೆ. ನಿಮ್ಮ ಮೂಗು ಸರಿಯಾಗಿಯೇ ಇದೆ. ಅದು ಸುಣ್ಣವೇ. ಎಲೆಯಡಿಕೆಗೆ ಹಚ್ಚುತ್ತೇವಲ್ಲ, ಅದೇ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಸ್ಪ್ಯಾನಿಷ್‌ನಲ್ಲಿ ಅದಕ್ಕೆ ಕಾಲ್ ಅನ್ನುತ್ತಾರೆ. ಒಂದು ಕೇಜಿ ಒಣ ಮೆಕ್ಕೆಜೋಳಕ್ಕೆ ಹೆಚ್ಚುಕಮ್ಮಿ 10 ಗ್ರಾಂ ಸುಣ್ಣ ಹಾಕಿ, ಜಾಸ್ತಿ ನೀರಿನಲ್ಲಿ ಕುದಿಸಿ, ಒಲೆ ಆರಿಸಿ ರಾತ್ರಿಯಿಡೀ ಹಾಗೇ ಬಿಡುತ್ತಾರೆ. ಬೆಳಿಗ್ಗೆ ನೋಡಿದರೆ ಕಾಳಿನ ಸಿಪ್ಪೆ ಲೋಳೆಯ ಹಾಗಾಗಿ ಕೈಯಲ್ಲಿ ತಿಕ್ಕಿದರೆ ಬಿಟ್ಟು ಬರುತ್ತದೆ. ನೀರು ಹಳದಿ ತಿರುಗಿರುತ್ತದೆ. ಆ ನೀರು ಚೆಲ್ಲಿ, ಕಾಳು ತೊಳೆದು, ಹಸಿಯಾಗಿಯೇ ಕಲ್ಲಿನಲ್ಲಿ ರುಬ್ಬುತ್ತಾರೆ. ನೆಂದ ಜೋಳಕ್ಕೆ ನಿಕ್ಸ್ತಮಾಲ್ ಅಂತ ಹೆಸರು. ಮೆಕ್ಸಿಕೋದ ಹಳೆಯ ಆಸ್ತೆಕ್ ಜನರ ನಾವಾತ್ಲ್ ಭಾಷೆಯ ಶಬ್ದ ಅದು, ಅದರ ಮೊದಲ ಅರ್ಧಕ್ಕೆ ಬೂದಿ ಅಂತ ಅರ್ಥ. ರುಬ್ಬಿದ ಹಿಟ್ಟು ಮಾಸಾ. ರುಬ್ಬುವ ಯಂತ್ರದ ಒಳಗಿರುವುದು ಜ್ವಾಲಾಮುಖಿಯ ಕಪ್ಪು ಕಲ್ಲು. ಅದು ಸವೆದಾಗ ನಮ್ಮಲ್ಲಿ ಬೀಸುವ ಕಲ್ಲಿಗೆ ಉಳಿಯಿಂದ ಕಚ್ಚು ಹಾಕಿಸುವ ಹಾಗೆ ಅದಕ್ಕೂ ಹಾಕಬೇಕು. ಕಲ್ಲು ಮೊಂಡಾದರೆ ಹಿಟ್ಟು ಕೆಡುತ್ತದೆ, ಹಿಟ್ಟು ಕೆಟ್ಟರೆ ತೋರ್ತಿಯಾ ಉಬ್ಬುವುದಿಲ್ಲ. ಒಳ್ಳೆ ಅಂಗಡಿಯವರು ಇದರ ಬಗ್ಗೆ ಮಾತ್ರ ತಲೆ ಕೆಡಿಸಿಕೊಳ್ಳುತ್ತಾರೆ, ಗೋಡೆಗೆ ಬಣ್ಣ ಬಳಿಸುವುದರ ಬಗ್ಗೆ ಅಲ್ಲ. ಮೇಜು ಅಲ್ಲಾಡಿದರೆ ಬೇಜಾರು ಮಾಡಿಕೊಳ್ಳಬೇಡಿ.

ಸುಣ್ಣ ಯಾಕೆ ಬೇಕು ಅಂತ ನಿಮ್ಮ ಅತ್ತೆಗೆ ಒಂದೇ ಮಾತಿನಲ್ಲಿ ವಿವರಿಸಬಹುದು. ನಮ್ಮ ಬಿಳಿಜೋಳದ ಹಿಟ್ಟಿಗೆ ತಣ್ಣೀರು ಹಾಕಿ ಕಲಸಿದರೆ ರೊಟ್ಟಿ ಬಡಿಯಲು ಬರುತ್ತದಾ? ಬರುವುದಿಲ್ಲ, ಅಂಚು ಒಡೆಯುತ್ತದೆ. ಅದಕ್ಕೇ ನಾವು ಎಸರಿಟ್ಟು ಕುದಿಯುವ ನೀರು ಹಾಕುತ್ತೇವೆ. ಗೋಧಿಯಲ್ಲಿರುವ ಅಂಟು ಜೋಳದಲ್ಲಿ ಇಲ್ಲ. ಬಿಸಿನೀರಿಗೆ ಸ್ವಲ್ಪ ಪಿಷ್ಟ ಬೆಂದು ಅಂಟಾಗುತ್ತದೆ, ಅದೇ ಹಿಟ್ಟನ್ನು ಹಿಡಿದಿಡುತ್ತದೆ. ಮೆಕ್ಸಿಕೋದವರು ಆ ಕೆಲಸವನ್ನು ಹಿಟ್ಟಾಗುವ ಮೊದಲೇ, ಕಾಳಿನಲ್ಲೇ ಮಾಡಿ ಮುಗಿಸುತ್ತಾರೆ. ಕುದಿಸುವಾಗ ಪಿಷ್ಟ ಒಂದಿಷ್ಟು ಬೇಯುತ್ತದೆ, ಸುಣ್ಣ ಸಿಪ್ಪೆಯನ್ನು ಕರಗಿಸಿ ಅದನ್ನೂ ಅಂಟು ಮಾಡುತ್ತದೆ. ಎರಡೂ ಕಡೆ ಒಂದೇ ತೊಂದರೆ, ದಾರಿ ಬೇರೆ.

ಇನ್ನೊಂದು ಲಾಭ ಇದೆ, ಅದು ರುಚಿಗಿಂತ ದೊಡ್ಡದು. ಮೆಕ್ಕೆಜೋಳದಲ್ಲಿ ನಯಾಸಿನ್ ಅನ್ನುವ ಬಿ ವಿಟಮಿನ್ ಇದೆ, ಆದರೆ ಬೀಗ ಹಾಕಿದ ಪೆಟ್ಟಿಗೆಯಲ್ಲಿದ್ದ ಹಾಗೆ, ಮೈಗೆ ಹತ್ತುವುದಿಲ್ಲ. ಸುಣ್ಣ ಆ ಬೀಗ ತೆಗೆಯುತ್ತದೆ. ಸ್ಪೇನಿನವರು ಜೋಳದ ಬೀಜವನ್ನು ಯೂರೋಪಿಗೆ ಹೊತ್ತುಕೊಂಡು ಹೋದರು, ಸುಣ್ಣದ ವಿದ್ಯೆಯನ್ನು ಅಲ್ಲೇ ಬಿಟ್ಟು ಹೋದರು. 18ನೇ ಶತಮಾನದ ಹೊತ್ತಿಗೆ ಸ್ಪೇನ್, ಇಟಲಿಯಲ್ಲಿ ಜೋಳವನ್ನೇ ನಂಬಿದ್ದ ಬಡವರಿಗೆ ಚರ್ಮ ಸುಲಿದು, ಬುದ್ಧಿ ಕೆಟ್ಟು, ಕೊನೆಗೆ ಸಾಯುವ ಪೆಲಾಗ್ರಾ ರೋಗ ಹತ್ತಿತು. 20ನೇ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲೂ ಅದೇ ಕಥೆ. ಇದು ಊಟದ ಕೊರತೆಯಿಂದ ಬರುವ ರೋಗ, ಅಂಟುರೋಗ ಅಲ್ಲ ಅಂತ ತೋರಿಸಿದವರು ಜೋಸೆಫ್ ಗೋಲ್ಡ್‌ಬರ್ಗರ್ ಅನ್ನುವ ಅಮೆರಿಕದ ವೈದ್ಯರು. ಆ ಕೊರತೆ ನಯಾಸಿನ್ನಿನದೇ ಅಂತ ಗೊತ್ತಾಗಿದ್ದು 1937ರಲ್ಲಿ. ಇತ್ತ ಮೆಕ್ಸಿಕೋದ ಹಳ್ಳಿಯವರು ಮೂರು ಹೊತ್ತೂ ತೋರ್ತಿಯಾ ತಿಂದುಕೊಂಡು ಈ ರೋಗದ ಮಟ್ಟಿಗೆ ಆರಾಮಾಗಿದ್ದರು. ನಮ್ಮ ಬಿಳಿಜೋಳಕ್ಕೂ ಈ ಕಥೆಯಲ್ಲಿ ಸಣ್ಣ ಪಾತ್ರ ಇದೆ. ದಖನ್ನಿನಲ್ಲಿ ಬರೀ ಜೋಳ ತಿನ್ನುವ ಬಡವರಲ್ಲೂ ಪೆಲಾಗ್ರಾ ಕಾಣಿಸುತ್ತದೆ ಅಂತ ಹೈದರಾಬಾದಿನಲ್ಲಿ ಪೋಷಣಾ ವಿಜ್ಞಾನಿಗಳಾದ ಸಿ. ಗೋಪಾಲನ್, ಎಸ್. ಜಿ. ಶ್ರೀಕಂಠಯ್ಯ 1960ರ ಹೊತ್ತಿಗೆ ಬರೆದರು. ಜೋಳದ ಜೊತೆ ಬೇಳೆ, ಸೊಪ್ಪು, ಮಜ್ಜಿಗೆ ಇದ್ದವರಿಗೆ ಏನೂ ಆಗಲಿಲ್ಲ.

ಗೋವಿನಜೋಳ ಕೋಳಿಗೆ ಹಾಕೋದು ಅನ್ನುವ ಅತ್ತೆಯ ಮಾತಿನಲ್ಲೂ ತಪ್ಪಿಲ್ಲ. ಹಾವೇರಿ, ದಾವಣಗೆರೆ ಕಡೆ ಬೆಳೆಯುವ ಹಳದಿ ಜೋಳದಲ್ಲಿ ಬಹುಪಾಲು ಕೋಳಿ ಮೇವಿಗೂ ಸ್ಟಾರ್ಚ್ ಫ್ಯಾಕ್ಟರಿಗೂ ಹೋಗುತ್ತದೆ. ಅವರು ಕಂಡದ್ದು ಅದನ್ನೇ. ತೋರ್ತಿಯಾಗೆ ಹೆಚ್ಚಾಗಿ ಬಳಸುವುದು ಊಟಕ್ಕೆಂದೇ ಬೆಳೆದ ಬಿಳಿ ಬಣ್ಣದ ಮೆಕ್ಕೆಜೋಳ. ವಾದ ಮಾಡಬೇಡಿ, ಸುಮ್ನೆ ಕರೆದುಕೊಂಡು ಹೋಗಿ ಒಂದು ಬಿಸಿ ತೋರ್ತಿಯಾ ಕೈಗೆ ಕೊಡಿ.

ಯಾವಾಗ ಹೋಗಬೇಕು ಅನ್ನುವುದು ಏನು ತಿನ್ನಬೇಕು ಅನ್ನುವಷ್ಟೇ ಮುಖ್ಯ. ಭಾನುವಾರ ಬೆಳಿಗ್ಗೆ ಬೇಡ. ಚರ್ಚ್ ಮುಗಿಸಿಕೊಂಡು ಇಡೀ ಕುಟುಂಬಗಳು ಬರುತ್ತವೆ, ಗೊರಸು, ಹೊಟ್ಟೆಯ ಭಾಗಗಳ ಮೆನೂದೋ ಸಾರು ದೊಡ್ಡ ಪಾತ್ರೆಯಲ್ಲಿ ಕುದಿಯುತ್ತಿರುತ್ತದೆ, ಗಾಜಿನ ಪೆಟ್ಟಿಗೆಯಲ್ಲಿ ಹಂದಿ ಮಾಂಸವನ್ನು ಪೌಂಡ್ ಲೆಕ್ಕದಲ್ಲಿ ತೂಗುತ್ತಿರುತ್ತಾರೆ. ಅಭ್ಯಾಸ ಇಲ್ಲದವರಿಗೆ ಆ ವಾಸನೆಯಲ್ಲಿ ಕೂತು ತಿನ್ನುವುದು ಕಷ್ಟ, ಅದರಲ್ಲೂ ವಯಸ್ಸಾದವರಿಗೆ. ವಾರದ ದಿನ ಬೆಳಿಗ್ಗೆ ಹತ್ತರಿಂದ ಹನ್ನೊಂದರ ಒಳಗೆ ಹೋಗಿ. ಬೆಳಗಿನ ಗಲಾಟೆ ಮುಗಿದಿರುತ್ತದೆ, ಮಧ್ಯಾಹ್ನದ ಊಟಕ್ಕೆ ಮೆಷಿನ್ ಓಡುತ್ತಿರುತ್ತದೆ, ಕೌಂಟರಿನಲ್ಲಿರುವವರಿಗೆ ನಿಮ್ಮ ಪ್ರಶ್ನೆಗೆ ಉತ್ತರ ಕೊಡಲು ಪುರುಸೊತ್ತೂ ಇರುತ್ತದೆ.

ಹೋದ ತಕ್ಷಣ ಕೂತುಕೊಳ್ಳಬೇಡಿ. ಮೊದಲು ಕೌಂಟರಿನಲ್ಲಿ ಒಂದು ಡಜನ್ ಬಿಸಿ ತೋರ್ತಿಯಾ ತೆಗೆದುಕೊಳ್ಳಿ. "ಊನಾ ದೊಸೇನಾ, ಕಲಿಯೆಂತೆಸ್" ಅನ್ನಿ, ಒಂದು ಡಜನ್, ಬಿಸಿ ಬಿಸಿ ಅಂತ. ಕಾಗದ ಬಿಚ್ಚಿ ಮೇಲಿನದನ್ನು ಬಿಟ್ಟು ನಡುವಿನಿಂದ ಒಂದು ಎಳೆದುಕೊಳ್ಳಿ. ನಡುವಿನದು ಹಬೆಯಲ್ಲಿ ಇನ್ನೂ ಬೇಯುತ್ತಿರುತ್ತದೆ, ಅದು ಜಾಸ್ತಿ ಮೆತ್ತಗೆ. ಎರಡು ಹರಳು ಉಪ್ಪು ಉದುರಿಸಿ ಸುರುಳಿ ಸುತ್ತಿ ತಿನ್ನಿ. ಮೆಕ್ಸಿಕೋದಲ್ಲಿ ತೋರ್ತಿಯಾ ಅಂಗಡಿಯ ಕಟ್ಟೆ ಮೇಲೆ ಉಪ್ಪಿನ ಡಬ್ಬಿ ಇದಕ್ಕೆಂದೇ ಇರುತ್ತದೆ, ಸರದಿಯಲ್ಲಿ ನಿಂತ ಮಕ್ಕಳು ತಿನ್ನುವುದೇ ಇದನ್ನು. ಈ ಒಂದು ತುತ್ತಿನಲ್ಲಿ ಅಂಗಡಿಯ ಬಂಡವಾಳ ಗೊತ್ತಾಗುತ್ತದೆ. ಮಡಚಿದಾಗ ಸೀಳಬಾರದು. ಒಂದು ಕಡೆ ಪದರ ತೆಳುವಾಗಿ ಎದ್ದಿರಬೇಕು, ಅಂದರೆ ಕಾವಲಿಯ ಮೇಲೆ ಉಬ್ಬಿದೆ ಅಂತ ಅರ್ಥ, ನಮ್ಮ ರೊಟ್ಟಿಯ ಪಕಳೆ ಏಳುತ್ತದಲ್ಲ ಹಾಗೆ. ಅಗಿಯುತ್ತಾ ಹೋದ ಹಾಗೆ ಸಿಹಿ ಬರಬೇಕು. ಸುಣ್ಣದ ಕಹಿ ಕೊನೆಯಲ್ಲಿ ನಾಲಿಗೆ ಹಿಡಿದರೆ ಕಾಳು ಸರಿಯಾಗಿ ತೊಳೆದಿಲ್ಲ.

ಅಂಗಡಿಯವರು ಕಾಳು ನೆನೆಸಿ ರುಬ್ಬುತ್ತಾರೋ, ಚೀಲದ ಹಿಟ್ಟು ಕಲಸುತ್ತಾರೋ ಅಂತ ತಿಳಿಯುವುದೂ ಸುಲಭ. ನಿಮ್ಮ ಅಂಗಡಿಯಿಂದ ಸುಣ್ಣದ ವಾಸನೆ ಬರುತ್ತಿದೆ, ಅಲ್ಲಿಗೆ ಮುಗಿಯಿತು, ಅವರು ರುಬ್ಬುತ್ತಾರೆ. ಮಾಸೇಕಾ ಥರದ ಒಣ ಹಿಟ್ಟೂ ಸುಣ್ಣದಲ್ಲಿ ಬೆಂದದ್ದೇ, ಮೋಸ ಏನಲ್ಲ. ಮನೆಯಲ್ಲಿ ಇಟ್ಟುಕೊಳ್ಳಲು ಒಳ್ಳೆಯದು. ಆದರೆ ಮಿಲ್ಲಿನ ಹಿಟ್ಟಿನ ರೊಟ್ಟಿಗೂ ಪ್ಯಾಕೆಟ್ ಹಿಟ್ಟಿನ ರೊಟ್ಟಿಗೂ ಇರುವ ಫರಕು ನಿಮ್ಮ ಅತ್ತೆಗೆ ನಾನು ಹೇಳಿಕೊಡಬೇಕಾ?

ಈಗ ಕೂತುಕೊಳ್ಳಿ. ಆರ್ಡರ್ ಮಾಡುವ ಮೊದಲು ಒಂದು ಶಬ್ದ ಕಲಿತುಕೊಳ್ಳಿ: ಮಾಂತೇಕಾ. ಹಂದಿ ಕೊಬ್ಬು. ಬೆಣ್ಣೆಗೆ ಮಾಂತೆಕೀಯಾ ಅನ್ನುತ್ತಾರೆ, ಎರಡೂ ಒಂದೇ ಥರ ಕೇಳಿಸುತ್ತವೆ, ಗಡಿಬಿಡಿಯಲ್ಲಿ ಒಂದನ್ನು ಇನ್ನೊಂದು ಅಂತ ಕೇಳಿಸಿಕೊಂಡು ನಾನು ತಲೆಯಾಡಿಸಿದ್ದೂ ಇದೆ. "ವೆಜಿಟೇರಿಯನ್ನಾ?" ಅಂತ ಕೇಳಿದರೆ ಪ್ರಯೋಜನ ಕಮ್ಮಿ. ಹೌದು ಅಂತ ಪ್ರಾಮಾಣಿಕವಾಗಿಯೇ ಹೇಳುತ್ತಾರೆ, ಯಾಕೆಂದರೆ ಬೀನ್ಸಿನಲ್ಲಿ ಮಾಂಸದ ತುಂಡು ಇಲ್ಲವಲ್ಲ! ಒಗ್ಗರಣೆಗೆ ಹಾಕಿದ ಕೊಬ್ಬು ಅವರ ಲೆಕ್ಕದಲ್ಲಿ ಮಾಂಸ ಅಲ್ಲ, ಎಣ್ಣೆ. "ಸಿನ್ ಕಾರ್ನೆ", ಮಾಂಸ ಬೇಡ, ಅಂದರೂ ಸಾಲದು. ಕಾರ್ನೆ ಅಂದರೆ ಅನೇಕರಿಗೆ ದನದ ಮಾಂಸ ಅಂತಲೇ ಅರ್ಥ, ಕೋಳಿ ಹಾಕಿ ತಂದುಕೊಟ್ಟರೆ ಅವರ ತಪ್ಪಿಲ್ಲ. ಪದಾರ್ಥದ ಹೆಸರು ಹಿಡಿದೇ ಕೇಳಬೇಕು. ಬೀನ್ಸಿಗೆ: "ಲೋಸ್ ಫ್ರಿಹೋಲೆಸ್ ಯೇವಾನ್ ಮಾಂತೇಕಾ?" ಅನ್ನಕ್ಕೆ: "ಎಲ್ ಅರೋಸ್ ಯೇವಾ ಕಾಲ್ದೊ ದೆ ಪೋಯೊ?" ಅಂದರೆ ಕೋಳಿ ಸಾರು ಹಾಕಿದ್ದೀರಾ ಅಂತ. ಎರಡೇ ಪ್ರಶ್ನೆ, ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೂ ಆಯಿತು. ನಿಮ್ಮ ಉಚ್ಚಾರ ಕೇಳಿ ನಗುತ್ತಾರೆ, ಆಮೇಲೆ ಒಳಗೆ ಹೋಗಿ ಅಡುಗೆಯವರನ್ನೇ ಕೇಳಿಕೊಂಡು ಬರುತ್ತಾರೆ. ನನ್ನ ಅನುಭವದಲ್ಲಿ ಅಡುಗೆಯವರು ಸುಳ್ಳು ಹೇಳುವುದಿಲ್ಲ.

ಮೆತ್ತಗೆ ಅರೆದು ಹುರಿದ ಬೀನ್ಸಿಗೆ ಫ್ರಿಹೋಲೆಸ್ ರೆಫ್ರೀತೋಸ್ ಅಂತ ಹೆಸರು. ಅದರಲ್ಲೇ ಕೊಬ್ಬು ಇರುವ ಸಾಧ್ಯತೆ ಜಾಸ್ತಿ. ಬರೀ ಪಾತ್ರೆಯಲ್ಲಿ ಬೇಯಿಸಿದ್ದು ಫ್ರಿಹೋಲೆಸ್ ದೆ ಲಾ ಓಯಾ. ಕಾಳು, ನೀರು, ಈರುಳ್ಳಿ, ಉಪ್ಪು, ಕೆಲವರು ಎಪಾಸೋತೆ ಅನ್ನುವ ಘಾಟು ಸೊಪ್ಪು ಹಾಕುತ್ತಾರೆ. ಸಾಮಾನ್ಯವಾಗಿ ಇದು ನಿಮಗೆ ಆಗುತ್ತದೆ, ಆದರೂ ಕೇಳಿಬಿಡಿ. ಬಟ್ಟಲಿನಲ್ಲಿ ಕಟ್ಟಿನ ಸಮೇತ ಬರುತ್ತದೆ. ತೋರ್ತಿಯಾ ಮುರಿದು ಅದ್ದಿಕೊಂಡು ತಿಂದರೆ ಮಡಕೆ ಕಾಳಿನ ಕಟ್ಟಿನ ಸಾರು ನೆನಪಾಗುತ್ತದೆ. ಅತ್ತೆಗೆ ಮೊದಲು ಇದನ್ನೇ ಕೊಡಿ.

ತಮಾಲೆಗಳನ್ನು ಮಾತ್ರ ಮುಟ್ಟಬೇಡಿ. ಮೆಕ್ಕೆಜೋಳದ ತೆನೆಯ ಸಿಪ್ಪೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದ, ನೋಡಿದರೆ ನಮ್ಮ ಕೊಟ್ಟೆ ಕಡುಬಿನ ಅಣ್ಣನ ಹಾಗಿರುವ ತಿಂಡಿ. ಮೆಣಸಿನಕಾಯಿ, ಚೀಸ್ ತುಂಬಿದ್ದು ಅಂತ ಬರೆದಿರುತ್ತದೆ, ಒಳಗೆ ಮಾಂಸವೂ ಇರುವುದಿಲ್ಲ. ಆದರೆ ಹಿಟ್ಟನ್ನೇ ಹಂದಿ ಕೊಬ್ಬಿನ ಜೊತೆ ನಾದಿರುತ್ತಾರೆ. ಸಸ್ಯಾಹಾರಿಗಳು ಅತಿ ಹೆಚ್ಚು ಮೋಸ ಹೋಗುವುದು ಇಲ್ಲೇ. ಮೈದಾ ತೋರ್ತಿಯಾ, ಅಂದರೆ ದೆ ಅರೀನಾ ಅಂತ ಬರೆದದ್ದು, ಅದರಲ್ಲೂ ಕೊಬ್ಬು ಇರಬಹುದು. ನಿಮಗೆ ಬೇಕಾದದ್ದು ದೆ ಮಾಯೀಸ್, ಜೋಳದ್ದು.

ಹಾಗಾದರೆ ತಿನ್ನುವುದೇನು? ಹಸಿ ಮಾಸಾದಿಂದ ಆಗಿಂದಾಗ ಮಾಡುವ ಏನಿದ್ದರೂ ಅದನ್ನು ಕೇಳಿ. ಸೋಪೆ ಅಂತ ಇರುತ್ತದೆ. ಅಂಗೈಯಗಲದ ದಪ್ಪ ರೊಟ್ಟಿ, ಬಿಸಿ ಇರುವಾಗಲೇ ಅಂಚನ್ನು ಚಿವುಟಿ ಕಟ್ಟೆ ಕಟ್ಟಿರುತ್ತಾರೆ, ಮೇಲಿನದು ಜಾರಬಾರದು ಅಂತ. ಮಾಡುವವರ ಬೆರಳು ನೋಡಿ, ಸುಡುವ ರೊಟ್ಟಿಯ ಸುತ್ತ ಹೇಗೆ ಓಡುತ್ತವೆ ಅಂತ. ತ್ಲಕೋಯೊ ಸಿಕ್ಕರೆ ಬಿಡಲೇಬೇಡಿ. ದೋಣಿಯ ಆಕಾರದಲ್ಲಿ ತಟ್ಟಿದ, ಒಳಗೆ ಬೀನ್ಸಿನ ಹೂರಣ ಇರುವ, ಎಣ್ಣೆ ಇಲ್ಲದೆ ಕಾವಲಿ ಮೇಲೆ ಸುಟ್ಟ ಖಾರದ ಹೋಳಿಗೆ ಅನ್ನಬಹುದು. ಮೆಕ್ಸಿಕೋ ಸಿಟಿ ಸುತ್ತಮುತ್ತಲಿನ ತಿಂಡಿ ಅದು, ಶಿಕಾಗೋ ಕಡೆಯ ಎಲ್ಲ ಅಂಗಡಿಗಳಲ್ಲಿ ಇರುವುದಿಲ್ಲ. ಹಸಿ ಮಾಸಾದ ಕೆಸದೀಯಾ, ಅಂದರೆ ಒಳಗೆ ಏನಾದರೂ ಇಟ್ಟು ಮಡಚಿದ ರೊಟ್ಟಿ, ಇದೆಯಾ ಕೇಳಿ. ಕುಂಬಳದ ಹೂವು, ಅಣಬೆ, ಸುಟ್ಟ ಮೆಣಸಿನಕಾಯಿ, ಆಲೂಗಡ್ಡೆ ಇವುಗಳಲ್ಲಿ ಯಾವುದು ಇದೆ ನೋಡಿ. "ಕೋನ್ ಕೇಸೋ", ಚೀಸ್ ಹಾಕಿ, ಅಂತ ಸೇರಿಸಿ, ಯಾಕೆಂದರೆ ಮೆಕ್ಸಿಕೋ ಸಿಟಿ ಕಡೆಯವರ ಪ್ರಕಾರ ಕೆಸದೀಯಾದಲ್ಲಿ ಚೀಸ್ ಇರಲೇಬೇಕು ಅಂತ ಇಲ್ಲ. ಉಳಿದ ಮೆಕ್ಸಿಕನ್ನರಿಗೆ ಇದು ಹುಚ್ಚುತನ. ಇದರ ಮೇಲೆ ಅವರಲ್ಲಿ ಆಗುವ ಜಗಳ ನೋಡಿದರೆ ನಮ್ಮ ಉಪ್ಪಿಟ್ಟು-ಕೇಸರಿಬಾತ್ ಜಗಳ ಏನೂ ಅಲ್ಲ. ಚೀಸ್ ಹೆಪ್ಪಿಗೆ ಕರುವಿನ ಹೊಟ್ಟೆಯ ಅಂಶ ಬಳಸುವುದುಂಟು, ಅದನ್ನೂ ಬಿಟ್ಟವರಾದರೆ ಚೀಸಿನ ಗೊಡವೆಯೇ ಬೇಡ.

ಅತ್ತೆಯನ್ನು ಬೆಚ್ಚಿಬೀಳಿಸಬೇಕೆಂದರೆ ನೊಪಾಲೆಸ್ ತರಿಸಿ. ಅದು ಪಾಪಸ್‌ಕಳ್ಳಿ! ಮುಳ್ಳು ಹೆರೆದು, ಸೀಳಿ, ಈರುಳ್ಳಿ ಟೊಮೆಟೊ ಜೊತೆ ಮಾಡಿದ ಪಲ್ಯ. ಬೆಂಡೆಕಾಯಿಯ ಲೋಳೆ, ಎಳೆ ಹುಣಸೆ ಚಿಗುರಿನ ಹುಳಿ. ನಮ್ಮ ಹೊಲದ ಬೇಲಿಯ ಪಾಪಸ್‌ಕಳ್ಳಿಯ ತವರೂ ಆ ಕಡೆಯ ಖಂಡವೇ.

ಚಿಲಾಕೀಲೆಸ್ ಅಂತ ಇನ್ನೊಂದು. ನಿನ್ನೆಯ ತೋರ್ತಿಯಾ ತುಂಡು ಮಾಡಿ ಕರಿದು, ಹಸಿರು ಇಲ್ಲವೇ ಕೆಂಪು ಚಟ್ನಿಯಲ್ಲಿ ಹೊರಳಿಸಿ, ಮೇಲೆ ಕೆನೆ, ಚೀಸ್ ಹಾಕುತ್ತಾರೆ. "ಸಿನ್ ವೇವೋ" ಅನ್ನಿ, ಮೊಟ್ಟೆ ಬೇಡ ಅಂತ. ಚಟ್ನಿಗೆ ಕೋಳಿ ಸಾರು ಸೇರಿಸಿದ್ದಾರಾ ಅಂತಲೂ ಕೇಳಿ. ಮುಟಗಿ ತಿಂದು ಬೆಳೆದವರಿಗೆ ಇದರಲ್ಲಿ ಹೊಸದೇನೂ ಕಾಣುವುದಿಲ್ಲ, ರೊಟ್ಟಿ ಉಳಿದ ಮನೆಯ ಬುದ್ಧಿ ಎಲ್ಲ ಕಡೆ ಒಂದೇ. ತೋಸ್ತಾದಾ ಅಂದರೆ ಖಡಕ್ ರೊಟ್ಟಿ, ಆದರೆ ಕರಿದದ್ದು. ಕರಿಯುವ ಎಣ್ಣೆಯಲ್ಲಿ ಮಾಂಸವೂ ಕರಿದಿರಬಹುದು, ಕಾವಲಿಯೂ ಒಂದೇ ಇರುತ್ತದೆ. ಇಷ್ಟು ಮಡಿ ಬೇಕು ಅನ್ನುವವರಿಗೆ ನಾನು ಪ್ರಾಮಾಣಿಕವಾಗಿ ಹೇಳುವುದು, ಅಲ್ಲಿ ಕೂತು ಊಟ ಮಾಡಬೇಡಿ. ಮೆಷಿನ್ನಿನಿಂದ ಬಂದ ತೋರ್ತಿಯಾ ಕಟ್ಟಿಸಿಕೊಂಡು ಮನೆಗೆ ಬನ್ನಿ. ಆ ಮೆಷಿನ್ನಿನ ಮೇಲೆ ಜೋಳ ಬಿಟ್ಟು ಬೇರೇನೂ ಹೋಗುವುದಿಲ್ಲ.

ಚಟ್ನಿಗಳ ವಿಷಯದಲ್ಲಿ ಹಾವೇರಿಯವರಿಗೆ ನಾನೇನು ಹೇಳೋದು, ಬ್ಯಾಡಗಿ ಇರುವುದೇ ಅವರ ಜಿಲ್ಲೆಯಲ್ಲಿ. ಗ್ವಾಹೀಯೊ ಅನ್ನುವ ಒಣ ಮೆಣಸಿನಕಾಯಿ ಬ್ಯಾಡಗಿಯ ಗುಣದ್ದೇ, ಬಣ್ಣ ಜಾಸ್ತಿ, ಖಾರ ಕಮ್ಮಿ. ಆರ್ಬೋಲ್ ಅನ್ನುವುದು ಸಣ್ಣದು, ಗುಂಟೂರಿನ ಜಾತಿಯ ಸಿಟ್ಟು. ಮೇಜಿನ ಮೇಲೆ ಕಿತ್ತಳೆ ಬಣ್ಣದ ನುಣ್ಣನೆ ಚಟ್ನಿ ಇದ್ದರೆ ಅದು ಹೆಚ್ಚಾಗಿ ಇದರದ್ದು, ಹನಿ ಹನಿ ಹಾಕಿಕೊಳ್ಳಿ. ಹಸಿರು ಚಟ್ನಿ ಕಾಯಿ ಟೊಮೆಟೊದ್ದಲ್ಲ, ತೊಮಾತೀಯೊ ಅನ್ನುವ ಬೇರೆ ಹುಳಿಕಾಯಿಯದು. ಹೊಲದ ಬದುವಿನ ಗುಪ್ಪಟೆ ಹಣ್ಣಿನ ಹಾಗೆ ಮೇಲೆ ಕಾಗದದಂಥ ಹೊದಿಕೆ ಇರುತ್ತದೆ. ಕುಡಿಯಲು ಹಮೈಕಾ ತೆಗೆದುಕೊಳ್ಳಿ. ನಮ್ಮ ಪುಂಡಿ ಸೊಪ್ಪಿನ ಬಳಗದ ಗಿಡದ ಕೆಂಪು ಪುಷ್ಪಪಾತ್ರೆ ಕುದಿಸಿ ಸಕ್ಕರೆ ಹಾಕಿ ತಣ್ಣಗೆ ಮಾಡಿದ ಶರಬತ್ತು, ಹುಳಿ ಅದೇ. ಓರ್ಚಾತಾ ಅಂದರೆ ಅಕ್ಕಿ ನೆನೆಸಿ ಚಕ್ಕೆ ಹಾಕಿ ರುಬ್ಬಿದ ಹಾಲು. ಸಿಹಿ ಸ್ವಲ್ಪ ವಿಪರೀತ.

ಇಷ್ಟೆಲ್ಲ ತಿಂದ ಮೇಲೆ ಒಂದು ಸಲ ಶಿಕಾಗೋ ಊರೊಳಗೂ ಹೋಗಿ ಬನ್ನಿ. ಪಿಲ್ಸನ್ ಅನ್ನುವ ಬಡಾವಣೆ ಒಂದು ಕಾಲಕ್ಕೆ ಚೆಕ್ ಜನರದ್ದು, ಹೆಸರೂ ಅವರ ಊರಿನದೇ. 1960ರ ದಶಕದ ಆರಂಭದಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಹೊಸ ಕ್ಯಾಂಪಸ್ಸಿಗೆ ಅಂತ ಪಕ್ಕದ ಬಡಾವಣೆ ಕೆಡವಿದಾಗ ಮನೆ ಕಳೆದುಕೊಂಡ ಮೆಕ್ಸಿಕನ್ ಕುಟುಂಬಗಳು ಇಲ್ಲಿಗೆ ಬಂದವು. ಅಲ್ಲಿಯೂ, ಆಚೆಯ 26ನೇ ಬೀದಿಯಲ್ಲೂ ತೋರ್ತಿಯಾ ಕಾರ್ಖಾನೆಗಳಿವೆ. 1950ರಲ್ಲಿ ಶುರುವಾದ ಎಲ್ ಮಿಲಾಗ್ರೋದವರು ಕಾರ್ಖಾನೆಗೆ ಅಂಟಿಕೊಂಡೇ ಊಟದ ಮನೆ ನಡೆಸುತ್ತಾರೆ. ನಿಮ್ಮ ಬೀದಿಯ ಅಂಗಡಿಯ ದೊಡ್ಡ ರೂಪ ಅದು. ದೊಡ್ಡದು ಅಂತ ರುಚಿ ಜಾಸ್ತಿ ಏನಿಲ್ಲ, ಮನೆ ಹತ್ತಿರ ಬಿಸಿಯಾಗಿ ಸಿಗುವಾಗ ಒಂದು ಗಂಟೆ ಕಾರು ಓಡಿಸುವ ಅಗತ್ಯವೂ ಇಲ್ಲ.

ಇನ್ನು ಮಾರನೇ ದಿನ ಮುರಿಯುವ ತೋರ್ತಿಯಾ. ಇದು ನನ್ನ ಕಸುಬಿಗೆ ಹತ್ತಿರದ ವಿಷಯ, ಎಷ್ಟೋ ವರ್ಷ ಜೋಳದ ಪಿಷ್ಟದ ಲ್ಯಾಬಿನಲ್ಲೇ ಕಳೆದವನು ನಾನು. ನೀವು ಅದನ್ನು ಫ್ರಿಜ್ಜಿನಲ್ಲಿ ಇಡುತ್ತಿದ್ದೀರಿ, ಅಲ್ವಾ? ಬೆಂದ ಪಿಷ್ಟ ತಣ್ಣಗಾಗುತ್ತಾ ಮತ್ತೆ ಸಾಲುಗಟ್ಟಿ ಗಟ್ಟಿಯಾಗುತ್ತದೆ, ಫ್ರಿಜ್ಜಿನ ನಾಲ್ಕು ಡಿಗ್ರಿಯಲ್ಲಿ ಈ ಕೆಲಸ ಅತಿ ಬೇಗ ನಡೆಯುತ್ತದೆ. ರಾತ್ರಿಯ ಅನ್ನ ಫ್ರಿಜ್ಜಿನಲ್ಲಿ ಕಲ್ಲಾಗುವುದೂ ಇದರಿಂದಲೇ. ಅಂಗಡಿಯಿಂದ ತಂದ ತಕ್ಷಣ ಪ್ಲಾಸ್ಟಿಕ್ ಬಿಡಿಸಿ, ಹತ್ತಿ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಡಿ. ಪ್ಲಾಸ್ಟಿಕ್ಕಿನಲ್ಲಿ ಹಬೆ ನೀರಾಗಿ ಒಂದಕ್ಕೊಂದು ಅಂಟುತ್ತವೆ. ಅವತ್ತಿಗೆ ಬೇಕಾದಷ್ಟು ಹೊರಗಿಟ್ಟುಕೊಂಡು ಉಳಿದದ್ದನ್ನು ತಣ್ಣಗಾದ ಕೂಡಲೇ ಹತ್ತು ಹತ್ತರ ಕಟ್ಟು ಮಾಡಿ ಫ್ರೀಜರಿಗೆ ಹಾಕಿ. ಫ್ರಿಜ್ಜಿಗಲ್ಲ, ಫ್ರೀಜರಿಗೆ. ತಿನ್ನುವಾಗ ಒಂದೊಂದನ್ನೇ ನೀರಿನಲ್ಲಿ ಸರ್ರನೆ ಅದ್ದಿ ತೆಗೆದು, ಚೆನ್ನಾಗಿ ಕಾದ ಕಬ್ಬಿಣದ ಹಂಚಿನ ಮೇಲೆ ಎರಡೂ ಬದಿ ಅರ್ಧರ್ಧ ನಿಮಿಷ ಹಾಕಿ. ಆ ಸಾಲು ಕಾವಿಗೆ ಮತ್ತೆ ಬಿಚ್ಚಿಕೊಳ್ಳುತ್ತದೆ. ಹಂಚಿನಿಂದ ತೆಗೆದದ್ದು ಸೀದಾ ಬಟ್ಟೆಯೊಳಗೆ ಹೋಗಬೇಕು, ಐದು ನಿಮಿಷ ಅಲ್ಲೇ ಬೆವರಲಿ. ಮೈಕ್ರೋವೇವ್ ಬೇಡ ಅನ್ನುವುದಿಲ್ಲ, ಒದ್ದೆ ಬಟ್ಟೆ ಸುತ್ತಿ ಇಡಿ, ಆದರೆ ತಕ್ಷಣ ತಿನ್ನಬೇಕು. ಆರಿದರೆ ಚಪ್ಪಲಿ.

ನೀವು ಕೇಳದಿದ್ದರೂ ಒಂದು ಹೇಳಬೇಕು. ಆ ಅಂಗಡಿಯಲ್ಲಿ ಹಸಿ ಮಾಸಾ ಕೂಡ ಪೌಂಡ್ ಲೆಕ್ಕದಲ್ಲಿ ಸಿಗುತ್ತದೆ. ಅತ್ತೆಗೆ ಇಲ್ಲಿ ಹೊತ್ತು ಹೋಗುವುದು ಕಷ್ಟ ಅಂತಾದರೆ ಎರಡು ಪೌಂಡ್ ತಂದುಕೊಡಿ. ಈರುಳ್ಳಿ, ಸಬ್ಬಸಿಗೆ, ಹಸಿಮೆಣಸಿನಕಾಯಿ, ಜೀರಿಗೆ, ಉಪ್ಪು ಹಾಕಿ ನಾದಿ, ಒದ್ದೆ ಬಟ್ಟೆ ಮೇಲೆ ತಾಲಿಪಟ್ಟಿನ ಹಾಗೆ ತಟ್ಟಿದರೆ ಅಂಚು ಒಡೆಯುವುದೇ ಇಲ್ಲ. ಎಸರು ಬೇಡ, ಬಿಸಿನೀರು ಬೇಡ. ತಂದ ದಿನವೇ ಮಾಡಿ, ಮಾರನೇ ದಿನಕ್ಕೆ ಹುಳಿ ವಾಸನೆ ಬರುತ್ತದೆ. ಆದರೆ ಕೊಳ್ಳುವಾಗ "ಮಾಸಾ ಪಾರಾ ತೋರ್ತಿಯಾಸ್, ಸಿನ್ ಪ್ರೆಪಾರಾರ್" ಅಂತ ಬಿಡಿಸಿ ಹೇಳಿ. "ಮಾಸಾ ಪ್ರೆಪಾರಾದಾ" ಅಂತ ಇನ್ನೊಂದು ಪಕ್ಕದಲ್ಲೇ ಇರುತ್ತದೆ, ಅದು ತಮಾಲೆಯ ಹಿಟ್ಟು, ಕೊಬ್ಬು ಸೇರಿಸಿ ಸಿದ್ಧ ಮಾಡಿದ್ದು. ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಮ್ಮ ಅಮ್ಮ ಧಾರವಾಡದಿಂದ ಮೊದಲ ಸಲ ಬಂದಾಗ, ಶ್ರಾವಣ ಸೋಮವಾರ, ಸಿದ್ಧ ಹಿಟ್ಟು ಅಂದರೆ ಕೆಲಸ ಸುಲಭ ಅಂದುಕೊಂಡು ಅದನ್ನೇ ತಂದುಕೊಟ್ಟಿದ್ದೆ. ಮೂರು ರೊಟ್ಟಿ ಆದ ಮೇಲೆ ಚೀಲದ ಮೇಲಿನ ಚೀಟಿ ಓದಿದೆ. ಓದಿ ಸುಮ್ಮನಿರಬೇಕಿತ್ತೋ ಏನೋ, ಹೇಳಿಬಿಟ್ಟೆ. ಅಮ್ಮ ಲಟ್ಟಣಿಗೆ ಹಿಡಿದುಕೊಂಡೇ ಒಂದು ನಿಮಿಷ ನಿಂತು, "ಅದಕ್ಕ ಇಷ್ಟ ಮೆತ್ತಗ ಆಗ್ಯಾವೇನಪಾ" ಅಂದು, ಹಂಚು ತಿಕ್ಕಲು ಬೂದಿ ಎಲ್ಲಿದೆ ಅಂತ ಕೇಳಿದರು. ಅಪಾರ್ಟ್‌ಮೆಂಟಿನಲ್ಲಿ ಬೂದಿ ಎಲ್ಲಿಂದ ತರಲಿ? ಆ ಹಂಚು ಆಮೇಲೆ ನಮ್ಮ ಮನೆಯಲ್ಲಿ ಉಳಿಯಲಿಲ್ಲ.